ಅಕ್ಕನ ಅಳತೆಗೆ ಸೈಕಲ್ಲು

ಮತ್ತೋಡಿನಿಂದ ಹೊಸದುರ್ಗಕ್ಕೆ ಹೋಗುವ ರಸ್ತೆಯಲ್ಲಿ, ಊರು ದಾಟುವ ಮುಂಚೆ ಎಡಗಡೆಗೆ ಒಂದು ತಗಡಿನ ಶೆಡ್ಡಿದೆ. ಅದು ಜಯಕುಮಾರನ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿಯ ಗ್ರಿಲ್ಲು, ಟ್ರ್ಯಾಕ್ಟರಿನ ಕೊಂಡಿ, ಕೊಟ್ಟಿಗೆಯ ಕಂಬಿ ಇವೆಲ್ಲ ಅವನ ದಿನನಿತ್ಯದ ಕೆಲಸ. ಗೇಟು ಮುಗಿದರೆ ಅದನ್ನು ಹಾಗೇ ಕಳಿಸುವವನಲ್ಲ. ಒಂದೊಂದು ಬೆಸುಗೆಯನ್ನೂ ಸುತ್ತಿಗೆಯಿಂದ ತಟ್ಟಿ ಕೇಳುತ್ತಾನೆ. ಆಮೇಲೆ ತಾನೇ ಗೇಟಿಗೆ ಜೋತುಬಿದ್ದು ಅಲ್ಲಾಡಿಸುತ್ತಾನೆ. "ಏನಪ್ಪ, ಇದಕ್ಕೆ ಆನೆ ಕಟ್ತೀವಿ ಅಂದ್ಕಂಡಿದೀಯ?" ಎಂದು ಗಿರಾಕಿ ಕೇಳಿದರೆ ನಗುತ್ತಾನೆ. ಆದರೆ ಮುಂದಿನ ವಾರ ಆ ಮನೆಯ ಮುಂದೆ ಹೋಗುವಾಗ ಬೈಕು ನಿಧಾನ ಮಾಡಿ ಗೇಟಿನ ಕಡೆ ಕಣ್ಣು ಹಾಯಿಸದೆ ಇರುವುದಿಲ್ಲ.

ಯಾಕೆ ಹೀಗೆ ಎಂದು ಯಾರಿಗೂ ಗೊತ್ತಿಲ್ಲ. ಅವನ ತಾಯಿ ಹನುಮಮ್ಮ ಹೇಳುವ ಪ್ರಕಾರ ಹುಟ್ಟಿದಾಗಿನಿಂದಲೂ ಹೀಗೇ. ಸಣ್ಣವನಿದ್ದಾಗ ಆಡಿನ ದೊಡ್ಡಿಯ ಬಾಗಿಲು ಹಾಕಿ ಬಂದ ಮೇಲೂ ಊಟದ ನಡುವೆ ಎದ್ದು ಹೋಗಿ ಚಿಲಕ ನೋಡಿ ಬರುತ್ತಿದ್ದನಂತೆ. ಅವನ ಹೆಂಡತಿ ಮಂಗಳಾ ಇದನ್ನು ಮದುವೆಯಾದ ಹೊಸದರಲ್ಲೇ ಕಂಡುಕೊಂಡಳು. ಗ್ಯಾಸ್ ಆಫ್ ಮಾಡಿದೆಯಾ ಎಂದು ಬಸ್ಸಿನಲ್ಲಿ ಕೂತ ಮೇಲೆ ಕೇಳುವ ಗಂಡನಿಗೆ ಹೂಂ ಎನ್ನುವುದಷ್ಟೇ ಉತ್ತರ ಎಂದು ಕಲಿತುಕೊಂಡಳು.

ಇಂಥವನ ಅಕ್ಕ ಸುಚಿತ್ರಾ. ಐದು ವರ್ಷ ದೊಡ್ಡವಳು. ತಮ್ಮನಿಗೆ ತೀರಾ ವಿರುದ್ಧ ಸ್ವಭಾವ. ತಂದೆ ತಿಪ್ಪಯ್ಯ ಕಾಯಿಲೆಯಿಂದ ತೀರಿಕೊಂಡ ಮೇಲೆ ಪಿಯುಸಿ ಮುಗಿಸಿ, ಹಾಲಗೊಂಡನಹಳ್ಳಿಯ ಪಂಚಾಯ್ತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿಯಾಗಿ ಸೇರಿದಳು. ಮದುವೆ ಬೇಡವೆಂದು ತಾಯಿ, ತಮ್ಮನ ಜೊತೆಗೇ ಉಳಿದಳು. ಏಕೆಂದು ಯಾರಿಗೂ ಹೇಳಲಿಲ್ಲ, ಕೇಳಿದವರಿಗೆ ಚಹಾ ಕೊಟ್ಟು ಕಳಿಸಿದಳು. ಮತ್ತೋಡಿನಿಂದ ಹಾಲಗೊಂಡನಹಳ್ಳಿಗೆ ಏಳು ಕಿಲೋಮೀಟರು. ಆ ದಾರಿಯಲ್ಲಿ ಬಸ್ಸು ಬರುವುದೇ ಗ್ರಂಥಾಲಯ ಮುಚ್ಚುವ ಹೊತ್ತಿಗೆ. ಹಾಗಾಗಿ ಹದಿನೈದು ವರ್ಷಕ್ಕೂ ಮೇಲೆ ಅವಳು ಸೈಕಲ್ಲಿನಲ್ಲೇ ಹೋಗಿ ಬಂದಳು. ಗಾಳಿಯಂತ್ರಗಳು ತಿರುಗುವ ಗುಡ್ಡದ ಸಾಲು ಒಂದು ಕಡೆ, ತೆಂಗಿನ ತೋಟ ಮತ್ತು ರಾಗಿ ಹೊಲ ಇನ್ನೊಂದು ಕಡೆ. ಅದು ಅವಳ ದಾರಿ. ಅಲ್ಲಿನ ಒಂದೊಂದು ನಾಯಿಯ ಗುಣವೂ ಅವಳಿಗೆ ಗೊತ್ತಿತ್ತು.

ಎರಡು ವರ್ಷದ ಹಿಂದೆ ಆ ದಾರಿಯಲ್ಲೇ, ತೋಟವೊಂದರ ಗೇಟಿನಿಂದ ಹಿಂದಕ್ಕೆ ಬಂದ ಮೇವಿನ ಟೆಂಪೊ ಅವಳಿಗೆ ಗುದ್ದಿತು. ಡ್ರೈವರು ಓಡಿಹೋಗಲಿಲ್ಲ. ಅವನೇ ಎತ್ತಿಕೊಂಡು ಹೊಸದುರ್ಗಕ್ಕೆ ಸೇರಿಸಿದ. ಅಲ್ಲಿಂದ ಚಿತ್ರದುರ್ಗದ ಆಸ್ಪತ್ರೆಗೆ ಕಳಿಸಿದರು. ಸೊಂಟದ ಎಲುಬು, ಎಡತೊಡೆಯ ಮೂಳೆ ಮುರಿದಿದ್ದವು. ಬೆನ್ನಿನ ತುದಿಯ ಬಾಲದ ಮೂಳೆಯೂ ಬಿರುಕು ಬಿಟ್ಟಿತ್ತು. ತೊಡೆಯೊಳಗೆ ಕಬ್ಬಿಣದ ಸಲಾಕೆ ಹಾಕಿದರು. ವರ್ಷ ಕಳೆಯುವ ಹೊತ್ತಿಗೆ ಅವಳು ಊರುಗೋಲು ಹಿಡಿದು ನಡೆಯುವಂತಾದಳು. ಆದರೆ ಎಡಗಾಲು ಬಲಗಾಲಿಗಿಂತ ಒಂದಂಗುಲಕ್ಕೂ ಹೆಚ್ಚು ಗಿಡ್ಡವಾಗಿತ್ತು. ಸೈಕಲ್ಲಿನ ಸೀಟಿನ ಮೇಲೆ ಕೂರುವ ಮಾತಂತೂ ಮುಗಿದೇ ಹೋಗಿತ್ತು.

ಗ್ರಂಥಾಲಯಕ್ಕೆ ಮತ್ತೆ ಹೋಗತೊಡಗಿದಾಗ ಸಿಕ್ಕ ಆಟೊ, ಸಿಕ್ಕ ಟ್ರ್ಯಾಕ್ಟರು ಹತ್ತಿದಳು. ಪಕ್ಕದಲ್ಲಿ ಗಾಲಿ ಕೂಡಿಸಿದ ಸ್ಕೂಟರೊಂದನ್ನು ಪರಿಚಯದವರಿಂದ ತಂದು ನೋಡಿದ್ದೂ ಆಯಿತು. ನೆಟ್ಟಗೆ ಕೂತರೆ ಬಾಲದ ಮೂಳೆಗೆ ರಸ್ತೆಯ ಒಂದೊಂದು ಕಲ್ಲೂ ಬಡಿಯುತ್ತಿತ್ತು. ಎರಡೇ ದಿನಕ್ಕೆ ವಾಪಸು ಕೊಟ್ಟಳು. ಕಾಲು ಆಡಿಸದೆ ಇದ್ದುದರಿಂದ ಮಂಡಿ ಬೇರೆ ಬಿಗಿಯುತ್ತಾ ಬಂತು.

ಚಿತ್ರದುರ್ಗದಲ್ಲಿ ಅವಳಿಗೆ ವ್ಯಾಯಾಮ ಮಾಡಿಸುತ್ತಿದ್ದ ಶರಣ್ ಎಂಬ ಫಿಸಿಯೊಥೆರಪಿಸ್ಟ್ ಒಂದು ದಿನ ಫೋನಿನಲ್ಲಿ ವಿಡಿಯೊ ತೋರಿಸಿದ. ಮುಂದೆ ಎರಡು ಸಣ್ಣ ಗಾಲಿ, ಹಿಂದೆ ಒಂದು ದೊಡ್ಡದು. ನಡುವೆ ಆರಾಮಕುರ್ಚಿಯಂಥ ಸೀಟು. ಹೆಂಗಸೊಬ್ಬಳು ಅದರಲ್ಲಿ ಹಿಂದಕ್ಕೆ ಒರಗಿ, ಕಾಲು ಮುಂದಕ್ಕೆ ಚಾಚಿ ಪೆಡಲ್ ತುಳಿಯುತ್ತಿದ್ದಳು.

"ಭಾರ ಬೆನ್ನಿನ ಮೇಲೆ ಹಂಚಿಕೊಳ್ಳುತ್ತೆ ಮೇಡಂ, ಬಾಲದ ಮೂಳೆ ಮೇಲೆ ಬೀಳಲ್ಲ. ಬ್ಯಾಲೆನ್ಸ್ ಚಿಂತೆನೂ ಇಲ್ಲ. ಮಂಡಿಗೂ ಒಳ್ಳೇದು" ಎಂದ ಶರಣ್. "ಆದರೆ ಅಳತೆ ಸರಿಯಾಗಿರಬೇಕು. ಸ್ವಲ್ಪ ತಪ್ಪಿದ್ರೂ ಇರೋ ನೋವು ಜಾಸ್ತಿ ಆಗುತ್ತೆ."

ಸುಚಿತ್ರಾ ವಿಡಿಯೊವನ್ನು ಮತ್ತೆ ಹಾಕಿಸಿ ನೋಡಿದಳು. ಪಕ್ಕದಲ್ಲಿ ನಿಂತಿದ್ದ ಜಯಕುಮಾರನ ಕಣ್ಣಿಗೆ ಬಿದ್ದದ್ದು ಬೇರೆ. ಆ ಹೆಂಗಸಿನ ತಲೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದಷ್ಟೇ. ಲಾರಿಯ ಗಾಲಿಗಿಂತ ಮೇಲಿರಲಿಲ್ಲ.

"ನೀನು ಇದನ್ನ ಮಾಡ್ತೀಯೇನೋ?" ಎಂದು ಬಸ್ಸಿನಲ್ಲಿ ಅಕ್ಕ ಕೇಳಿದಾಗ, "ನೋಡಾಣ ತಗ" ಎಂದ. ನಾಲ್ಕು ದಿನ ಕಳೆದರೆ ಮರೆಯುತ್ತಾಳೆ ಎಂದುಕೊಂಡ. ಅವಳು ಮರೆಯಲಿಲ್ಲ, ಮತ್ತೆ ಕೇಳಲೂ ಇಲ್ಲ. ಒಂದು ಭಾನುವಾರ ಊರುಗೋಲು ಊರಿಕೊಂಡು ಅಂಗಡಿಗೆ ಬಂದು, ಎಣ್ಣೆಯ ಡ್ರಮ್ಮಿನ ಮೇಲೆ ಕೂತು ಕಾಲು ಚಾಚಿದಳು.

"ಅಳತೆ ತಗ" ಎಂದಳು.

ಜಯಕುಮಾರ ಟೇಪು ತೆಗೆದುಕೊಂಡ. ಒಂದೊಂದು ಅಳತೆಯನ್ನೂ ಎರಡೆರಡು ಸಲ ತೆಗೆದ. ಗೇಟು ಬಿದ್ದರೆ ಎತ್ತಿ ನಿಲ್ಲಿಸಬಹುದು. ಇದರ ಮೇಲೆ ಕೂರುವುದು ಒಮ್ಮೆ ಮುರಿದು ಕೂಡಿಸಿದ ಮೈ.

ಚೌಕದ ಪೈಪಿನಿಂದ ನಡುವಿನ ದಂಡ ಮಾಡಿದ. ಅದಕ್ಕೆ ಅಡ್ಡಲಾಗಿ, ಸೀಟಿನ ಮುಂದೆ, ಇನ್ನೊಂದು ಪೈಪು. ಆ ಅಡ್ಡಪೈಪಿನ ಎರಡು ತುದಿಗೆ ಮಕ್ಕಳ ಸೈಕಲ್ಲಿನ ಗಾಲಿಗಳು. ಹಿಂದಿನ ಗಾಲಿಗೆ ಅಕ್ಕನ ಹಳೆಯ ಸೈಕಲ್ಲಿನದೇ ಇತ್ತು, ಬಾಗಿರಲಿಲ್ಲ. ಆದರೂ ಅದನ್ನು ಮುಟ್ಟಲು ಮನಸ್ಸು ಬರಲಿಲ್ಲ. ಹಿರಿಯೂರಿಗೆ ಹೋಗಿ ಬೇರೆ ತಂದ. ಸೀಟಿಗೆ ಕಬ್ಬಿಣದ ಕೊಳವೆ ಬಗ್ಗಿಸಿ ಮಂಚದ ನೈಲಾನ್ ಪಟ್ಟಿ ನೇಯ್ದ. ಹಿಡಿಕೆಗಳು ಸೀಟಿನ ಎರಡೂ ಪಕ್ಕ, ಕೈ ಇಳಿಬಿಟ್ಟರೆ ಸಿಗುವಂತೆ. ಪೆಡಲ್ಲುಗಳಿರುವ ಮುಂದಿನ ಪೈಪನ್ನು ದೊಡ್ಡ ಪೈಪಿನೊಳಗೆ ತೂರಿಸಿ ಬೋಲ್ಟು ಕೊಟ್ಟ. ಬೋಲ್ಟು ಸಡಿಲಿಸಿದರೆ ಪೆಡಲ್ಲನ್ನು ಹತ್ತಿರಕ್ಕೆ ಎಳೆಯಬಹುದು, ದೂರಕ್ಕೆ ತಳ್ಳಬಹುದು. ಚೈನು ಒಂದು ಸಾಲದೆ ಮೂರನ್ನು ಜೋಡಿಸಿದ.

ಮೊದಲ ಸಲ ತಾನೇ ಅಂಗಳದಲ್ಲಿ ತಳ್ಳಿ ನೋಡಿದಾಗ ಮುಂದಿನ ಗಾಲಿಗಳು ಗಡಗಡ ನಡುಗಿದವು. ವಿಡಿಯೊ ನೋಡಿ, ಕೋಲಿನಿಂದ ಎರಡು ಗಾಲಿಗಳ ನಡುವಿನ ಅಂತರವನ್ನು ಮುಂದುಗಡೆ ಒಮ್ಮೆ, ಹಿಂದುಗಡೆ ಒಮ್ಮೆ ಅಳೆದು, ಸರಿಗೂಡಿಸಿದ. ನಡುಕ ನಿಂತಿತು. ಆಮೇಲೆ ಬ್ರೇಕು ಹಿಡಿದರೆ ಗಾಡಿ ಬಲಕ್ಕೆ ಎಳೆಯಿತು. ಬಲಕ್ಕೆಂದರೆ ರಸ್ತೆಯ ನಡುವಿಗೆ. ಎರಡು ಗಾಲಿಯ ಬ್ರೇಕಿನ ತಂತಿಯನ್ನೂ ಒಂದೇ ಹಿಡಿಕೆಗೆ ಕಟ್ಟಿದ. ಒಂದು ಬೆಳಿಗ್ಗೆ ಬಂದವನೇ ಅಡ್ಡಪೈಪಿನ ಬೆಸುಗೆಯನ್ನು ಗ್ರೈಂಡರಿನಿಂದ ಕೊಯ್ದು ಹಾಕಿ ಮತ್ತೆ ಬೆಸೆದ. ಮೊದಲಿನದರಲ್ಲಿ ದೋಷವೇನೂ ಇರಲಿಲ್ಲ.

ಆಮೇಲೆ ಕೂಡಿಸಿ ನೋಡುವ ಕೆಲಸ. ಹಿಂದಿನ ಗಾಲಿಯನ್ನು ಇಟ್ಟಿಗೆಯ ಮೇಲೆತ್ತಿ, ಅಕ್ಕನನ್ನು ಸೀಟಿನಲ್ಲಿ ಕೂರಿಸಿ ತುಳಿಸಿದ. ಪೆಡಲ್ಲು ಹತ್ತಿರವಾದರೆ ಮಂಡಿ ಹೆಚ್ಚು ಮಡಚಿ ನೋಯುತ್ತಿತ್ತು. ದೂರವಾದರೆ ಕಾಲು ನಿಲುಕಿಸಲು ಸೊಂಟ ಆ ಕಡೆ ಈ ಕಡೆ ಉರುಳುತ್ತಿತ್ತು. ಬಲಗಾಲಿಗೆ ಸರಿಮಾಡಿದರೆ ಎಡಗಾಲಿಗೆ ದೂರ. ಎಡಪೆಡಲ್ಲಿನ ಮೇಲೆ ಬೇವಿನ ಹಲಗೆಯ ತುಂಡು ಕೂರಿಸಿದ. ಆಗ ಕಾಲು ನಿಲುಕಿತು, ಆದರೆ ಹತ್ತಿರ ಬಂದಾಗ ತೊಡೆ ಹೊಟ್ಟೆಗೆ ಒತ್ತಿ ಸಲಾಕೆ ಇರುವಲ್ಲಿ ಹಿಡಿಯಿತು. ಎಡಪೆಡಲ್ಲನ್ನು ಹಿಡಿದು ತಿರುಗುವ ಕೋಲನ್ನೇ ಕತ್ತರಿಸಿ, ಹೊಸ ತೂತು ಕೊರೆದು, ಗಿಡ್ಡ ಮಾಡಿದ. ಸೀಟು ಹೆಚ್ಚು ಒರಗಿಸಿದರೆ ಕತ್ತು ನೋವು. ನೆಟ್ಟಗೆ ಮಾಡಿದರೆ ಬಾಲದ ಮೂಳೆ. ಒಂದೊಂದು ಬದಲಾವಣೆಗೂ ಪೈಪಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಕೊನೆಗೆ ಯಾವ ಗೆರೆ ಯಾವುದೆಂದು ಅವನಿಗೇ ತಿಳಿಯದೆ ಎಲ್ಲ ಒರೆಸಿ ಮೊದಲಿನಿಂದ ಶುರುಮಾಡಿದ.

ಸಂತೆ ಇಲ್ಲದ ದಿನ ಸಂತೆ ಮೈದಾನಕ್ಕೆ ಒಯ್ದರು. ಸುಚಿತ್ರಾ ಒಂದು ಸುತ್ತು ಹೊಡೆದಳು, ಎರಡನೆಯದಕ್ಕೆ ವೇಗ ಹೆಚ್ಚಿಸಿದಳು. ತಮ್ಮ ಪಕ್ಕದಲ್ಲೇ ಓಡುತ್ತಿದ್ದ.

"ಓಡಬ್ಯಾಡ ಕಣೋ, ನನ್ ಗಾಲಿಗೆ ನೀನೇ ಸಿಕ್ಕಂತೀಯ" ಎಂದಳು. ಅವಳ ಮುಖದಲ್ಲಿ ಎರಡು ವರ್ಷದಿಂದ ಕಾಣದ ನಗು ಇತ್ತು. ಅದನ್ನು ಕಂಡು ಜಯಕುಮಾರನಿಗೆ ಖುಷಿಯಾಗಬೇಕಿತ್ತು. ಬದಲಿಗೆ ಭಯವಾಯಿತು. ಇನ್ನು ಇವಳು ರಸ್ತೆಗೆ ಹೋಗುತ್ತಾಳೆ ಎಂದು ಆಗ ಅವನಿಗೆ ಖಚಿತವಾಯಿತು.

ಅಲ್ಲಿಂದ ಗಾಡಿ ಮನೆಯ ಅಂಗಳಕ್ಕೆ ಬಂತು, ಅದರಲ್ಲಿ ದಿನಕ್ಕೊಂದು ಕೊರತೆ ಕಾಣಿಸತೊಡಗಿತು. ಬಣ್ಣ ಹೊಡೆಯಬೇಕು ಎಂದ, ಅದಕ್ಕೆ ಒಂದು ವಾರ. ದೂರದಿಂದ ಕಾಣುವಂತೆ ಉದ್ದನೆ ಕೋಲಿಗೆ ಕೇಸರಿ ಬಾವುಟ ಬೇಕು ಎಂದ. ಕನ್ನಡಿ, ಹಿಂದೆ ಕೆಂಪು ದೀಪ, ಬೆಲ್ಲು. ಬೆಲ್ಲು ಸಾಲದು, ಹಾರ್ನು. ಪ್ರತಿ ವಾರ ಮತ್ತೆ ಅಳತೆ. "ಈಗ ಹೆಂಗೈತೆ? ನಿಜ ಹೇಳು. ಇಲ್ಲಿ ಎಳೀತೈತಾ?" ಸುಚಿತ್ರಾ ತಾಳ್ಮೆಯಿಂದ ಉತ್ತರ ಕೊಟ್ಟಳು. ಬರಬರುತ್ತಾ ಉತ್ತರ ಚಿಕ್ಕದಾಯಿತು. ಕೊನೆಗೆ ಒಂದೇ ಮಾತಾಯಿತು: "ಸರಿ ಐತೆ."

ಮಂಗಳಾ ಒಮ್ಮೆ ಊಟ ಬಡಿಸುತ್ತಾ, "ಅತ್ತಿಗೆ ದಿನಾ ಬೆಳಿಗ್ಗೆ ಚೀಲ ಹೆಗಲಿಗೆ ಹಾಕ್ಕಂಡು ಅಂಗಳದಾಗೆ ನಿಂತು ಆ ಗಾಡಿ ನೋಡ್ತಾರೆ. ಆಮ್ಯಾಲೆ ಆಟೊಕ್ಕೆ ಕಾಯಾಕೆ ಹೋಗ್ತಾರೆ. ನಿಮಗೆ ಕಾಣ್ಸಲ್ವಾ?" ಎಂದಳು. ಅವನು ತಲೆ ತಗ್ಗಿಸಿ ಮುದ್ದೆ ಮುರಿದ.

ಮರುದಿನ ಸುಚಿತ್ರಾ ಆಟೊಕ್ಕೆ ಹೋಗಲಿಲ್ಲ.

"ಜಯ, ಇವತ್ತು ಏನು ಬಾಕಿ ಐತೆ?" ಎಂದಳು.

"ಕನ್ನಡಿ ಸ್ವಲ್ಪ ಅಲ್ಲಾಡ್ತೈತೆ ಅಕ್ಕ."

"ನಿನ್ನೆ ಹಾರ್ನು ಅಂದೆ. ಮೊನ್ನೆ ಬಾವುಟದ ಕೋಲು. ನಾಳೆ ಏನಂತೀಯ?"

"ರೋಡಿಗೆ ಹೋಗೋ ವಸ್ತು. ಹಂಗೆಲ್ಲ ಬಿಡಾಕೆ ಆಗ್ತದಾ?"

"ರೋಡಿನ ಮ್ಯಾಲೆ ಬಿದ್ದೋಳು ನಾನು, ನೀನಲ್ಲ. ನಂಗಿಂತ ಜಾಸ್ತಿ ನೀನು ಹೆದರಿದ್ರೆ ನಾನು ಏನು ಮಾಡ್ಲಿ?" ದನಿ ಏರಿಸದೆ ಹೇಳಿ ಅವಳು ಸೀಟಿನಲ್ಲಿ ಕೂತಳು. ಊರುಗೋಲನ್ನು ಸೀಟಿನ ಹಿಂದಿನ ಕೊಕ್ಕೆಗೆ ಸಿಕ್ಕಿಸಿದಳು. ಹನುಮಮ್ಮ ಜಗಲಿಯ ಮೇಲಿಂದ, "ನಿಧಾನ ಕಣವ್ವ" ಎಂದಷ್ಟೇ ಅಂದಳು. ಗಾಡಿ ಅಂಗಳ ದಾಟಿ ರಸ್ತೆಗೆ ಇಳಿಯಿತು.

ಜಯಕುಮಾರ ಬೈಕಿನಲ್ಲಿ ಹಿಂದೆ ಹೋದ. ತೆಂಗಿನಸಿಪ್ಪೆ ಹೇರಿದ ಲಾರಿಯೊಂದು ಅವನನ್ನು ದಾಟಿ ಅವಳ ಕಡೆ ಹೋದಾಗ ಅವನು ಬೈಕು ಜೋರು ಮಾಡಿದ. ಲಾರಿ ಮರೆಯಾದ ಮೇಲೆ ಬಾವುಟ ಇನ್ನೂ ಅಲ್ಲಾಡುತ್ತಿರುವುದು ಕಂಡಿತು. ಊರ ಹೊರಗಿನ ಸೇತುವೆಯ ಹತ್ತಿರ ಅವಳು ಬ್ರೇಕು ಹಿಡಿದು ನಿಲ್ಲಿಸಿ, ಅವನು ಹತ್ತಿರ ಬರುವ ತನಕ ಕಾದಳು. "ಹಿಂದೆ ಬೈಕಿನ ಸದ್ದು ಇದ್ರೆ ನಂಗೆ ಬೇರೆ ಗಾಡಿ ಬರೋದು ಕೇಳ್ಸಲ್ಲ. ವಾಪಸ್ ಹೋಗು" ಎಂದಳು. ಅದು ನಿಜವಾದ ಮಾತಾಗಿತ್ತು. ಅವನು ವಾಪಸು ಬಂದ. ಅಂಗಡಿಯಲ್ಲಿ ಒಂದು ಕಿಟಕಿಯ ಅಳತೆಯನ್ನು ಎರಡು ಸಲ ತಪ್ಪಿ ಕತ್ತರಿಸಿದ. ಫೋನು ಮಾಡಿದರೆ ಅವಳು ಎತ್ತಲಿಲ್ಲ. ತುಳಿಯುವಾಗ ಹೇಗೆ ಎತ್ತುತ್ತಾಳೆ ಎಂದು ಅವನಿಗೂ ಗೊತ್ತು. ಆದರೂ ಮತ್ತೆ ಮಾಡಿದ.

ಸಂಜೆ ಅವಳು ಬೆವರಿ, ಮುಖ ಕೆಂಪಾಗಿ, ಸರಿಯಾಗಿಯೇ ಬಂದಳು. ಮರುದಿನವೂ ಹೋದಳು. ಮೂರು ವಾರ ಹೀಗೇ ನಡೆಯಿತು. "ಹೆಂಗಿತ್ತು?" ಎಂದು ಅವನು ಕೇಳುವುದು, "ಸರಿ ಐತೆ" ಎಂದು ಅವಳು ಹೇಳುವುದು. ಆ ಉತ್ತರ ಅವನಿಗೆ ಸಮಾಧಾನ ಕೊಡಲಿಲ್ಲ. ಲಾರಿ, ಬೆಸುಗೆ, ಬ್ರೇಕು, ನಾಯಿ ಇವನ್ನೆಲ್ಲ ಒಂದೊಂದಾಗಿ ನೆನೆದು ಬೆವರುತ್ತಿದ್ದ.

ನಾಲ್ಕನೆಯ ವಾರ ಒಂದು ಸಂಜೆ ಅವಳು ಗಾಡಿಯಿಂದ ಇಳಿದು ಮನೆಯೊಳಗೆ ಹೋಗುವಾಗ ಎಡಗಾಲನ್ನು ನೆಲಕ್ಕೆ ಊರದೆ ಎಳೆದುಕೊಂಡು ಹೋದಳು. ಹಿಮ್ಮಡಿಯ ಮೇಲೆ ಊದಿತ್ತು. ಮೀನಖಂಡದಲ್ಲಿ ಅಂಗೈಯಷ್ಟು ಚರ್ಮ ತರಚಿತ್ತು.

"ಏನಾಯ್ತು?"

"ಗ್ರಂಥಾಲಯದ ಮೆಟ್ಲು ಎಡವಿದೆ. ಏನಿಲ್ಲ, ಮಂಗಳಾ ಅರಿಶಿನ ಹಚ್ತಾಳೆ ಬಿಡು."

ಅವನು ಹೊರಗೆ ಬಂದ. ಬೆಳಕು ಇನ್ನೂ ಇತ್ತು. ಗಾಡಿಯ ಸುತ್ತ ಒಂದು ಸುತ್ತು ಬಂದ. ಬೆಸುಗೆಗಳು ಸರಿಯಿದ್ದವು, ಗಾಲಿ ಸರಿಯಿತ್ತು. ಬಗ್ಗಿ ಅಡ್ಡಪೈಪಿನ ಕೆಳಗೆ ಕೈಯಾಡಿಸಿದಾಗ ಎಡಗಡೆಯಲ್ಲಿ ಬಣ್ಣ ಕಿತ್ತಿರುವುದು ಬೆರಳಿಗೆ ಸಿಕ್ಕಿತು. ಅಲ್ಲಿ ಕಂದು ಬಣ್ಣದ ರಬ್ಬರು ಅಂಟಿತ್ತು. ಬಾಗಿಲ ಹತ್ತಿರ ಬಿಟ್ಟಿದ್ದ ಅಕ್ಕನ ಚಪ್ಪಲಿ ತಂದು ನೋಡಿದ. ಎಡಗಾಲಿನದರ ಮುಂಭಾಗ ತೇಯ್ದು ಹರಿದಿತ್ತು.

ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಏನು ನಡೆದಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಗಾಡಿ ಓಡುತ್ತಿರುವಾಗ ಎಡಗಾಲು ಪೆಡಲ್ಲಿನಿಂದ ಜಾರಿ ನೆಲಕ್ಕೆ ಬಿದ್ದಿದೆ. ನೆಲಕ್ಕೆ ಬಿದ್ದ ಪಾದ ಅಲ್ಲೇ ನಿಂತಿದೆ, ಗಾಡಿ ಮುಂದೆ ಹೋಗಿದೆ, ಅಡ್ಡಪೈಪು ಬಂದು ಕಾಲಿನ ಮೇಲೆ ಹರಿದಿದೆ. ಇಳಿಜಾರಿನಲ್ಲಿ ಇನ್ನಷ್ಟು ವೇಗವಿದ್ದಿದ್ದರೆ ಕಾಲು ಸೀಟಿನಡಿಗೆ ಮಡಚಿಕೊಂಡು, ಸಲಾಕೆ ಹಾಕಿದ ಆ ತೊಡೆ ಮತ್ತೆ... ಅವನು ಮುಂದೆ ಯೋಚಿಸಲಿಲ್ಲ. ಇಷ್ಟು ತಿಂಗಳು ಏನೇನಕ್ಕೋ ಹೆದರಿದ್ದ. ಇದೊಂದು ಅವನ ತಲೆಗೆ ಹೊಳೆದಿರಲಿಲ್ಲ.

ಬೆಳಿಗ್ಗೆ ಸುಚಿತ್ರಾ ಕುಂಟುತ್ತಾ ಅಂಗಳಕ್ಕೆ ಬಂದಾಗ ಅವನು ಸ್ಪ್ಯಾನರು ಹಿಡಿದು ಮುಂದಿನ ಪೈಪಿನ ಬೋಲ್ಟು ಬಿಚ್ಚುತ್ತಿದ್ದ. ಚೈನು ಆಗಲೇ ಕೆಳಗೆ ಬಿದ್ದಿತ್ತು.

"ಇದಕ್ಕೇ ನಾನು ಹೇಳ್ಲಿಲ್ಲ" ಎಂದಳು. "ಹೇಳಿದ್ರೆ ಬಿಚ್ಚಿ ಹಾಕ್ತೀಯ ಅಂತ ಗೊತ್ತಿತ್ತು."

"ಹೇಳ್ದೇ ಇದ್ರೆ ನಾನು ಹೆಂಗೆ ಸರಿ ಮಾಡ್ಲಿ ಅಕ್ಕ?"

"ಸರಿ ಮಾಡ್ತೀಯೋ, ಗುಜರಿಗೆ ಹಾಕ್ತೀಯೋ?"

  ಬಿಚ್ಚಿದ ಮೇಲೆ ಏನು ಮಾಡಬೇಕೆಂದು ಅವನೇ ತೀರ್ಮಾನಿಸಿರಲಿಲ್ಲ. ಸುಚಿತ್ರಾ ಜಗಲಿಯ ಅಂಚಿಗೆ ಕೂತು ಊರುಗೋಲನ್ನು ಪಕ್ಕಕ್ಕಿಟ್ಟಳು.

"ಕೇಳು. ಮೊದಲು ಹೆಬ್ಬೆರಳು ಜುಮ್ ಅಂತೈತೆ. ಆಲದ ಮರ ದಾಟಿದ ಮ್ಯಾಲೆ. ಆಮ್ಯಾಲೆ ಪಾದ ಪೂರ್ತಿ ಮರಗಟ್ತೈತೆ. ಪೆಡಲ್ ಮ್ಯಾಲೆ ಕಾಲು ಐತೋ ಇಲ್ವೋ ಗೊತ್ತಾಗಲ್ಲ. ನಿನ್ನೆ ಇಳಿಜಾರಲ್ಲಿ ಇರ್ಲಿಲ್ಲ, ಅಷ್ಟೇ."

"ಎಷ್ಟು ದಿನದಿಂದ?"

"ಮೊದಲ್ನೇ ವಾರದಿಂದ."

"ಮೈದಾನದಾಗೆ ಆಗ್ತಿರ್ಲಿಲ್ವಾ?"

"ಅಷ್ಟು ದೂರ ಎಲ್ಲಿ ತುಳಿದೆ ಅಲ್ಲಿ?" ಅವಳು ಎಡಪಾದ ಮುಂದಕ್ಕೆ ಚಾಚಿ ತೋರಿಸಿದಳು: "ಎಡಗಡೆ ಪೆಡಲ್ಲು ನಂಗೆ ಇನ್ನೂ ದೂರ ಐತೆ ಜಯ. ಹೆಬ್ಬೆರಳು ಚಾಚಿ ಮುಟ್ತೀನಿ."

ಜಯಕುಮಾರ ಸ್ಪ್ಯಾನರು ಕೆಳಗಿಟ್ಟ. "ಸರಿ ಐತೆ ಅಂದ್ಯಲ್ಲ. ಎಷ್ಟು ಸಲ ಕೇಳ್ದೆ ನಾನು."

"ಸರಿ ಇಲ್ಲ ಅಂದಿದ್ರೆ ನೀನು ಗಾಡಿ ಇನ್ನೊಂದು ತಿಂಗಳು ಇಟ್ಕಂತಿದ್ದೆ. ನಂಗೆ ಸಾಕಾಗಿತ್ತು ಕಣೋ."

 ಒಳಗೆ ಹನುಮಮ್ಮ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ತಾನು ಕೇಳಿ ಕೇಳಿ ಅವಳ ಬಾಯಿಂದ ನಿಜ ಹೊರಡದಂತೆ ಮಾಡಿದೆ ಎಂಬುದು ಅವನಿಗೆ ನಿಧಾನವಾಗಿ ಅರ್ಥವಾಯಿತು.  ಬಿದ್ದಿದ್ದ ಚೈನು ಎತ್ತಿ ಬಟ್ಟೆಯಿಂದ ಒರೆಸತೊಡಗಿದ.

"ನಾನು ಬಿಚ್ಚಾಕಲ್ಲ. ಆದ್ರೆ ನೀನು ಎಲ್ಲಾನೂ ಹೇಳ್ಬೇಕು. ಜುಮ್ ಅಂದ್ರೂ ಹೇಳ್ಬೇಕು" ಎಂದ.

"ಹೇಳ್ತೀನಿ. ನೀನು ಅದ್ಕೇ ಗಾಡಿ ನಿಲ್ಲಿಸ್ಬಾರ್ದು."

ಕಾಲಿನ ಊತ ಇಳಿಯುವ ತನಕ ಅವನು ಕೆಲಸ ಮಾಡಿದ. ಶರಣ್‌ಗೆ ಫೋನು ಮಾಡಿ ಕೇಳಿದ. ಪಾದ ಮರಗಟ್ಟುವುದು ಇಂಥ ಗಾಡಿಯಲ್ಲಿ ಆಗುತ್ತದಂತೆ. ಕಾಲು ಎತ್ತರದಲ್ಲಿರುವುದು ಒಂದು ಕಾರಣ, ಬೆರಳ ತುದಿಯಿಂದ ತುಳಿಯುವುದು ಇನ್ನೊಂದು. ಪಾದದ ನಡುಭಾಗ ಪೆಡಲ್ಲಿನ ಮೇಲೆ ಬಂದರೆ ಒಳ್ಳೆಯದು, ಹಿಮ್ಮಡಿಗೆ ಆಸರೆ ಇರಲೇಬೇಕು ಎಂದ ಅವನು. ಜಯಕುಮಾರ ಪೆಡಲ್ಲಿನ ಪೈಪನ್ನು ಎರಡು ಬೆರಳಗಲ ಕೆಳಕ್ಕೆ ಬಗ್ಗುವಂತೆ ಕೊಯ್ದು ಬೆಸೆದ. ಬೇವಿನ ಹಲಗೆ ತೆಗೆದು ಇನ್ನೂ ದಪ್ಪನೆಯದನ್ನು ಹಾಕಿದ. ದೊಡ್ಡ ಪಿವಿಸಿ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ, ಬಿಸಿಮಾಡಿ, ಅಕ್ಕನ ಹಿಮ್ಮಡಿಯ ಆಕಾರಕ್ಕೆ ಬಗ್ಗಿಸಿ, ಪೆಡಲ್ಲಿನ ಹಿಂದೆ ಬಟ್ಟಲಿನಂತೆ ಕೂರಿಸಿದ. ಒಳಗೆ ಸ್ಪಂಜು. ಪಾದದ ಮೇಲೆ ಬರುವ ಪಟ್ಟಿಯನ್ನು ಮಂಗಳಾ ಹೊಲಿಗೆ ಯಂತ್ರದಲ್ಲಿ ಹೊಲಿದುಕೊಟ್ಟಳು. ಎಳೆದರೆ ಚರ್ರೆಂದು ಬಿಟ್ಟುಕೊಳ್ಳುವಂಥದ್ದು, ಶಾಲೆಯ ಮಕ್ಕಳ ಬೂಟಿಗೆ ಇರುತ್ತದಲ್ಲ, ಅದು.

ಎಲ್ಲ ಮುಗಿದ ಮೇಲೆ ಹೊಸ ಭಯ ಬಂತು. ಕಾಲು ಜಾರುವುದಿಲ್ಲ ಸರಿ. ಗಾಡಿ ಮಗುಚಿದರೆ ಕಟ್ಟಿದ ಕಾಲನ್ನು ಹೇಗೆ ಬಿಡಿಸಿಕೊಳ್ಳುತ್ತಾಳೆ? ಅದನ್ನೇ ಮಂಗಳಾಳ ಮುಂದೆ ಹೇಳಿದ.

"ನೀವು ಒಂದ್ಸಲನಾದ್ರೂ ಅದ್ರಾಗೆ ಕುಂತು ರೋಡಿಗೆ ಹೋಗಿದ್ದೀರೇನ್ರಿ?" ಎಂದು ಅವಳು ಕೇಳಿದಳು.

ಹೋಗಿರಲಿಲ್ಲ. ತಳ್ಳಿದ್ದ, ಅಂಗಳದಲ್ಲಿ ಎರಡು ಮಾರು ಓಡಿಸಿದ್ದ. ಅಷ್ಟೇ.

ಆ ದಿನ ಹತ್ತು ಗಂಟೆಯ ಬಿಸಿಲಲ್ಲಿ ಅವನು ಗಾಡಿಯೊಳಗೆ ಕೂತ. ಅಕ್ಕ ತಮ್ಮ ಇಬ್ಬರೂ ಹೆಚ್ಚುಕಡಿಮೆ ಒಂದೇ ಎತ್ತರ, ಆದ್ದರಿಂದ ಯಾವ ಬೋಲ್ಟನ್ನೂ ಮುಟ್ಟಲಿಲ್ಲ. ಹಿಮ್ಮಡಿಯನ್ನು ಬಟ್ಟಲಲ್ಲಿಟ್ಟು ಪಟ್ಟಿ ಬಿಗಿದು ರಸ್ತೆಗಿಳಿದ. ತುಳಿಯುತ್ತಿದ್ದಂತೆ ಮೈ ಒಂದು ಪಕ್ಕಕ್ಕೆ ವಾಲಿತು. ಬಲಗಾಲು ಉದ್ದಕ್ಕೆ ಹೋಗುತ್ತಿತ್ತು. ಎಡಗಾಲು ದಪ್ಪ ಹಲಗೆಯ ಮೇಲೆ, ಗಿಡ್ಡ ಕೋಲಿನ ಸುತ್ತ, ಚಿಕ್ಕ ಚಿಕ್ಕ ಸುತ್ತು ಹಾಕುತ್ತಿತ್ತು. ಎಷ್ಟು ಪ್ರಯತ್ನಪಟ್ಟರೂ ಎರಡು ಕಾಲಿನ ನಡೆ ಒಂದಾಗಲಿಲ್ಲ. ಅವನು ಕುಂಟುತ್ತಿದ್ದ. ದಿನಾ ಅಕ್ಕ ಅಡುಗೆಮನೆಯಿಂದ ಜಗಲಿಗೆ ನಡೆದು ಬರುವ ರೀತಿ ಈಗ ಅವನ ತೊಡೆಯೊಳಗೆ ಇತ್ತು. ಟೇಪು ಹಿಡಿದು ಅಷ್ಟು ತಿಂಗಳು ಅಳೆದಿದ್ದವನಿಗೆ ಅದು ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ.

ಸೇತುವೆ ದಾಟಿದ ಮೇಲೆ ಕನ್ನಡಿಯಲ್ಲಿ ಲಾರಿ ಕಾಣಿಸಿತು. ಎರಡೂ ಹಿಡಿಕೆಯನ್ನು ಬಿಗಿಯಾಗಿ ಹಿಡಿದ. ಲಾರಿಯ ಸದ್ದು ಹತ್ತಿರವಾಗಿ, ನಂತರ ಇದ್ದಕ್ಕಿದ್ದಂತೆ ಕಡಿಮೆಯಾಯಿತು. ಡ್ರೈವರು ವೇಗ ಇಳಿಸಿ, ರಸ್ತೆಯ ಆ ಅಂಚಿಗೆ ಹೋಗಿ, ಇದೇನಿದು ಎಂಬಂತೆ ತಲೆ ಹೊರಗೆ ಹಾಕಿ ನೋಡುತ್ತಾ ದಾಟಿದ. ಅವನ ಹಿಂದೆ ಬಂದ ಬೈಕಿನವರೂ ಹಾಗೇ ಮಾಡಿದರು. ಯಾರಿಗೂ ಕಾಣಿಸುವುದಿಲ್ಲ ಎಂದು ಅವನು ಹೆದರಿದ್ದ ಗಾಡಿಯನ್ನು ದಾರಿಯಲ್ಲಿದ್ದವರೆಲ್ಲ ನಿಂತು ನೋಡುತ್ತಿದ್ದರು. ಭಯ ಹೋಗಲಿಲ್ಲ. ಮುಂದಿನ ಲಾರಿಯವನು ಫೋನು ನೋಡುತ್ತಿದ್ದರೆ ಎಂಬ ಯೋಚನೆ ಆಗಲೇ ಬಂದಿತ್ತು. ಆದರೂ ತುಳಿಯುವುದನ್ನು ನಿಲ್ಲಿಸಲಿಲ್ಲ.

ಅಕ್ಕನ ಕಾಲು ಜಾರಿದ ಇಳಿಜಾರಿನಲ್ಲಿ ಬೇಕೆಂದೇ ಎಡಗಾಲನ್ನು ಸಡಿಲ ಬಿಟ್ಟ. ಬಟ್ಟಲು ಹಿಮ್ಮಡಿಯನ್ನು ಹಿಡಿದುಕೊಂಡಿತು. ಕೆಳಗೆ ರಸ್ತೆಬದಿಯ ಮಣ್ಣಿನಲ್ಲಿ ನಿಂತು, ಗಾಡಿಯನ್ನು ತಾನೇ ಪಕ್ಕಕ್ಕೆ ಉರುಳಿಸಿಕೊಂಡು ಬಿದ್ದ. ಪಾದ ಹೊರಳಿಸಿದರೆ ಪಟ್ಟಿ ಚರ್ರೆಂದು ಬಿಟ್ಟಿತು. ನಂಬಿಕೆಯಾಗದೆ ಎದ್ದು ಕೂತು ಮತ್ತೆ ಬಿದ್ದ. ಮೇವು ಹೊತ್ತು ಬರುತ್ತಿದ್ದ ಬೋರಕ್ಕ ಎಂಬ ಹೆಂಗಸು ಹೊರೆ ಇಳಿಸಿ ಓಡಿ ಬಂದಳು.

"ಯಾಕಪ್ಪ, ಏನಾಯ್ತು? ನೀರು ತರ್ಲಾ?"

"ಏನಿಲ್ಲ ಬೋರಕ್ಕ, ಬಿದ್ದು ನೋಡ್ತಿದೀನಿ" ಎಂದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ಹೊರೆಯ ಕಡೆ ಹೋದಳು.

ಮುಂದಿನ ಸೋಮವಾರ ಸುಚಿತ್ರಾ ಮತ್ತೆ ಗಾಡಿ ತೆಗೆದಳು. ಅಂಗಳದಲ್ಲಿ ಎರಡು ಸುತ್ತು ತುಳಿದು, "ಎಡಗಡೆ ಈಗ ಹತ್ತಿರ ಆತು, ಮಂಡಿ ತಡೀತೈತೆ" ಎಂದಳು. ಜಯಕುಮಾರ ಅಲ್ಲೇ ಕೂತು ಪೈಪನ್ನು ಒಂದು ನೂಲಿನಷ್ಟು ಮುಂದಕ್ಕೆ ತಳ್ಳಿ ಬೋಲ್ಟು ಬಿಗಿದ. ಅವಳು ಹೋದಳು.

ಅವನು ಅಂಗಡಿಗೆ ಬಂದು ಗ್ರಿಲ್ಲಿನ ಕೆಲಸಕ್ಕೆ ಕೂತ. ಕೈ ಕೆಲಸ ಮಾಡುತ್ತಿತ್ತು, ಕಿವಿ ಫೋನಿನ ಕಡೆ ಇತ್ತು. ಅವಳು ತಲುಪುವ ಹೊತ್ತಾಯಿತು. ಆ ಹೊತ್ತು ದಾಟಿತು. ಹಾಲಗೊಂಡನಹಳ್ಳಿಯ ಕಡೆಯಿಂದ ಬಂದ ಒಂದು ಆಟೊ ಅಂಗಡಿಯ ಮುಂದೆ ನಿಧಾನವಾದಾಗ ಅವನು ಎದ್ದು ನಿಂತೇಬಿಟ್ಟ. ಅದು ಯಾರನ್ನೋ ಇಳಿಸಿ ಮುಂದೆ ಹೋಯಿತು. ಬೈಕಿನ ಕೀಲಿ ಕೈಗೆ ತೆಗೆದುಕೊಂಡ, ಮೇಜಿನ ಮೇಲಿಟ್ಟ, ಮತ್ತೆ ತೆಗೆದುಕೊಂಡ. ಆಗ ಫೋನು ಬಂತು.

"ತಲುಪಿದೆ" ಎಂದಳು ಸುಚಿತ್ರಾ. ಏದುಸಿರಿತ್ತು. "ದಾರಿಯಾಗೆ ಕುರಿ ಮಂದೆ ಅಡ್ಡ ಬಂತು, ತಡ ಆತು. ಕಾಲು ಮರಗಟ್ಲಿಲ್ಲ. ಬಲ ಭುಜ ಸ್ವಲ್ಪ ನೋಯ್ತೈತೆ, ಹಿಡಿಕೆ ಹಿಂದೆ ಆತು ಅನ್ಸುತ್ತೆ. ಏರು ಹತ್ತೋವಾಗ ಚೈನು ಕಟಕಟ ಅಂತೈತೆ. ಮತ್ತೆ ಬಾವುಟದ ಕೋಲು ಸಡಿಲ ಆಗೈತೆ."

ಮೊದಲಾಗಿದ್ದರೆ ಇಷ್ಟು ಕೇಳಿ ಅವನಿಗೆ ಕೈಕಾಲು ಆಡುತ್ತಿರಲಿಲ್ಲ. ಈಗ ಗೋಡೆಗೆ ಒರಗಿ ಕೂತು ಉಸಿರು ಬಿಟ್ಟ.

"ಕೋಲು ಈಗ ತೆಗೆದು ಒಳಗಿಡು. ಬರೋ ಹೊತ್ತಿಗೆ ದಾರದಾಗೆ ಬಿಗಿದು ಕಟ್ಕ" ಎಂದ. "ಸಂಜೆ ಸೀದ ಅಂಗಡಿಗೇ ಬಾ. ಹಿಡಿಕೆ ನೋಡಾಣ."

"ಬರ್ತೀನಿ. ಹುಡುಗ್ರು ಪೇಪರ್ ಕೇಳ್ತಾ ಅವ್ರೆ, ಫೋನ್ ಇಡ್ಲಾ?"

"ಇಡು" ಎಂದ. ಆದರೆ ಅವಳು ಇಡುವ ಮುಂಚೆ, "ಅಕ್ಕ, ಭುಜದ ಹಿಂದ್ಗಡೆ ನೋಯ್ತೈತೋ, ಮುಂದ್ಗಡೆಯೋ?" ಎಂದು ಕೇಳಿದ.

ಸುಚಿತ್ರಾ ಭುಜ ಆಡಿಸಿ ನೋಡಿ, ಹಿಂದುಗಡೆ ಎಂದಳು.